ಓರೆ ಮೊಳೆಯ ಹೆಸರುಗಳು



ಈ ಮಹಡಿಗೆ ಬರುವಾಗ ನೀವೆಲ್ಲ ಲಗ್ನಪತ್ರಿಕೆ ಅಂಗಡಿಗಳನ್ನು ದಾಟಿಕೊಂಡೇ ಬಂದಿರಿ. ಸುಲ್ತಾನ್‌ಪೇಟೆ ಎಂದರೆ ಊರಿನವರಿಗೆ ಕಾಗದ, ರಟ್ಟು, ಲಗ್ನಪತ್ರಿಕೆ. ನನಗೆ ಮಾತ್ರ ಇದು ಸಸ್ಯಶಾಸ್ತ್ರದ ಪಾಠವೊಂದನ್ನು ಕಲಿತ ಜಾಗ. ಎಂ.ಎಸ್ಸಿ. ಮುಗಿಸಿ, ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಹೇಳಿ, ಆಮೇಲೆ ಕಲಿತದ್ದು. ಕಲಿಸಿದವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಒಬ್ಬ ಹಿರಿಯರು. ಅವರನ್ನು ಎಲ್ಲರೂ ‘ಅಣ್ಣ’ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಆ ಅಚ್ಚುಕೂಟದ ಮಾಲೀಕರ ನೆನಪಿನಲ್ಲಿ ಇಟ್ಟ ದತ್ತಿಯಲ್ಲಿ ಇವತ್ತು ಮಾತಾಡುತ್ತಿದ್ದೇನೆ. ಅಣ್ಣನನ್ನು ಬಿಟ್ಟು ಈ ಮಾತನ್ನು ಶುರುಮಾಡಲು ಬರುವುದಿಲ್ಲ.

1979. ಪ್ರಾಕ್ಟಿಕಲ್ ತರಗತಿಗೆ ಒಂದು ಸಣ್ಣ ಕೈಪಿಡಿ ಅಚ್ಚು ಹಾಕಿಸುತ್ತಿದ್ದೆ. ಕೊನೆಯಲ್ಲಿ ನೂರಕ್ಕೂ ಹೆಚ್ಚು ಗಿಡಗಳ ಪಟ್ಟಿ. ಸಸ್ಯದ ಶಾಸ್ತ್ರೀಯ ಹೆಸರನ್ನು ಇಟಾಲಿಕ್‌ನಲ್ಲಿ, ಅಂದರೆ ಅಣ್ಣನ ಮಾತಿನಲ್ಲಿ ‘ಓರೆ ಮೊಳೆ’ಯಲ್ಲಿ, ಜೋಡಿಸಬೇಕು. ಒಂದು ಮಧ್ಯಾಹ್ನ ಪ್ರೂಫ್ ನೋಡಲು ಬಂದರೆ ಅಣ್ಣ ಕೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಹಿಡಿದುಕೊಂಡು ಸುಮ್ಮನೆ ಕೂತಿದ್ದಾರೆ. ಮೊಳೆ ಇಡುವ ಕೇಸಿನಲ್ಲಿ ಒಂದು ಖಾನೆ ಬರಿದಾಗಿದೆ. ಓರೆ ಮೊಳೆಯಲ್ಲಿ ‘ಎ’ ಅಕ್ಷರ ಮುಗಿದುಹೋಗಿತ್ತು.

“ಏನ್ ಮೇಷ್ಟ್ರೇ, ನಿಮ್ಮ ಗಿಡಗಳಿಗೆಲ್ಲ ಕೊನೇಲಿ ‘ಎ’ನೇ ಬೇಕಾ? ಮಾವಿನ ಮರ ಒಂದಕ್ಕೇ ಮೂರು ಹೋಯ್ತು” ಎಂದರು. ಆಮೇಲೆ ಗ್ಯಾಲಿಯ ಮೇಲೆ ಬೆರಳಿಟ್ಟು ಕೇಳಿದರು: “ಇಲ್ಲಿ ಅಕ್ಕಿಗೆ ‘ಸಟೈವಾ’ ಅಂತ ಬರ್ದಿದೀರಿ. ಬೆಳ್ಳುಳ್ಳಿಗೆ ‘ಸಟೈವಮ್’. ಮೂಲಂಗಿಗೆ ‘ಸಟೈವಸ್’. ಇದರಲ್ಲಿ ಯಾವ್ದು ಸರಿ? ಎಲ್ಲಾ ‘ಸಟೈವಮ್’ ಮಾಡಿಬಿಟ್ರೆ ನಂಗೆ ಒಂದಷ್ಟು ‘ಎ’ ಉಳಿಯತ್ತೆ.”

“ಪುಸ್ತಕದಲ್ಲಿ ಇರೋದೇ ಹಾಗೆ ಅಣ್ಣ, ಹಾಗೇ ಇರಲಿ” ಎಂದೆ.

“ಅಂದ್ರೆ ನಿಮಗೂ ಗೊತ್ತಿಲ್ಲ ಅನ್ನಿ” ಎಂದು ಅವರು ನಕ್ಕರು.

ನಿಜವಾಗಿ ಗೊತ್ತಿರಲಿಲ್ಲ. ಒರೈಜ ಸಟೈವ, ಅಲಿಯಮ್ ಸಟೈವಮ್, ರಫಾನಸ್ ಸಟೈವಸ್ ಎಂದು ಮಗ್ಗಿಯ ಹಾಗೆ ಒಪ್ಪಿಸಬಲ್ಲೆ. ಅದು ಯಾಕೆ ಹಾಗೆ ಎಂದು ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಪರೀಕ್ಷೆಯಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಧ ಅಂಕ ಕಡಿಯುತ್ತಿದ್ದರು. ನಾನು ಮೇಷ್ಟ್ರಾದ ಮೇಲೆ ಅದೇ ಅರ್ಧ ಅಂಕವನ್ನು ನಾನೂ ಕಡಿದೆ.

ಉತ್ತರ ಸಿಕ್ಕಿದ್ದು ಚಾಮರಾಜಪೇಟೆಯಲ್ಲಿ, ನಮ್ಮ ವಠಾರದಲ್ಲೇ ಇದ್ದ ಸಂಸ್ಕೃತ ಪಂಡಿತರಿಂದ. ಅವರಿಗೆ ಲ್ಯಾಟಿನ್ ಬಾರದು. ಮೂರು ಹೆಸರನ್ನೂ ಕೇಳಿ, “ಇದರಲ್ಲೇನಿದೆಯಪ್ಪಾ? ಶ್ವೇತಃ ಅಶ್ವಃ, ಶ್ವೇತಾ ಗೌಃ, ಶ್ವೇತಂ ವಸ್ತ್ರಮ್. ವಿಶೇಷ್ಯ ಯಾವ ಲಿಂಗವೋ ವಿಶೇಷಣವೂ ಅದೇ ಲಿಂಗ” ಎಂದರು. ಅಷ್ಟೇ. ಒರೈಜ ಸ್ತ್ರೀಲಿಂಗ, ಅದಕ್ಕೆ ಸಟೈವ. ಅಲಿಯಮ್ ನಪುಂಸಕ, ಅದಕ್ಕೆ ಸಟೈವಮ್. ರಫಾನಸ್ ಪುಲ್ಲಿಂಗ, ಅದಕ್ಕೆ ಸಟೈವಸ್. ಕನ್ನಡದಲ್ಲಿ ಬಿಳಿ ಕುದುರೆ, ಬಿಳಿ ಹಸು, ಬಿಳಿ ಬಟ್ಟೆ. ನಮ್ಮ ‘ಬಿಳಿ’ ಯಾರ ಮುಂದೆಯೂ ವೇಷ ಬದಲಿಸುವುದಿಲ್ಲ. ಆದ್ದರಿಂದಲೇ ಕನ್ನಡದ ಹುಡುಗರು ಇಲ್ಲಿ ಎಡವುತ್ತಾರೆ. ಇನ್ನು ಸಟೈವಸ್ ಎಂದರೆ ಏನು ಮಹಾ ಅರ್ಥ? ‘ಬಿತ್ತಿ ಬೆಳೆದದ್ದು’. ಅಕ್ಕಿ, ಬೆಳ್ಳುಳ್ಳಿ, ಮೂಲಂಗಿ, ಕೊತ್ತಂಬರಿ, ಬಟಾಣಿ, ಸೌತೆಕಾಯಿ ಎಲ್ಲಕ್ಕೂ ಇದೇ ಬಾಲ. ಅಡುಗೆಮನೆಯ ತರಕಾರಿ ಬುಟ್ಟಿಯನ್ನು ರೋಮಿನ ರೈತ ನೋಡಿ ‘ಇದು ಕಾಡಿನದ್ದಲ್ಲ, ಹೊಲದ್ದು’ ಎಂದ ಹಾಗೆ.

ಪಂಡಿತರ ಸೂತ್ರ ಗೊತ್ತಿದ್ದವರೂ ಒಂದು ಕಡೆ ಎಡವುತ್ತಾರೆ. ಅರಳಿಮರ ಫೈಕಸ್ ರಿಲಿಜಿಯೋಸ. ‘ಅಸ್’ ಎಂದು ಕೊನೆಯಾಗುವುದು ಪುಲ್ಲಿಂಗವಾದರೆ ‘ರಿಲಿಜಿಯೋಸಸ್’ ಆಗಬೇಕಿತ್ತಲ್ಲ? ರೋಮನ್ನರಿಗೆ ಸಾಮಾನ್ಯವಾಗಿ ಮರ ಎಂದರೆ ಹೆಣ್ಣು. ಅಂಜೂರ, ಓಕ್, ಪೈನ್ ಎಲ್ಲವೂ ಪುಲ್ಲಿಂಗದ ವೇಷ ಹಾಕಿದ ಸ್ತ್ರೀಲಿಂಗಗಳು. ಬೇವು ಅಜಾಡಿರಾಕ್ಟ ಇಂಡಿಕ, ಅದೂ ಸ್ತ್ರೀಲಿಂಗವೇ. ಅಶ್ವತ್ಥಕಟ್ಟೆಯಲ್ಲಿ ಅರಳಿಯನ್ನು ವರನೆಂದೂ ಬೇವನ್ನು ವಧುವೆಂದೂ ಮದುವೆ ಮಾಡಿಸುತ್ತೇವೆ. ಲ್ಯಾಟಿನ್ ಪುರೋಹಿತರು ಬಂದರೆ ಎರಡೂ ಕಡೆ ಹೆಣ್ಣಿನವರೇ. ಕೆಳಗಿನ ಅಂಗಡಿಯವರು ಆ ಲಗ್ನಪತ್ರಿಕೆಯನ್ನು ಹೇಗೆ ಅಚ್ಚು ಹಾಕುತ್ತಾರೋ ಕಾಣೆ! ಅಂದಹಾಗೆ ‘ಅಜಾಡಿರಾಕ್ಟ’ ಲ್ಯಾಟಿನ್ ಅಲ್ಲ, ಗ್ರೀಕೂ ಅಲ್ಲ. ಪಾರಸಿಯ ‘ಆಜಾದ್ ದರಖ್ತ್’. ಹೇಳಿಕೇಳಿ ಇದು ಸುಲ್ತಾನ್‌ಪೇಟೆ, ಇಲ್ಲಿ ಆ ಎರಡು ಮಾತುಗಳ ಅರ್ಥ ಹೇಳುವವರನ್ನು ಹುಡುಕಬೇಕಾಗಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇಲ್ಲಿಂದಲೇ ಶುರುವಾಗುತ್ತದೆ. ಸಸ್ಯಗಳ ‘ಲ್ಯಾಟಿನ್ ಹೆಸರು’ ಎನ್ನುತ್ತೇವಲ್ಲ, ಅದರಲ್ಲಿ ಲ್ಯಾಟಿನ್ ಆಗಿರುವುದು ವ್ಯಾಕರಣ. ಮಾತುಗಳು ಎಲ್ಲೆಲ್ಲಿಂದಲೋ ಬಂದವು. ಗ್ರೀಕಿನಿಂದ ಬಹಳ, ಅರಬ್ಬಿ ಪಾರಸಿಯಿಂದ ಸಾಕಷ್ಟು, ನಮ್ಮ ದಕ್ಷಿಣದ ಭಾಷೆಗಳಿಂದ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಯಾರ ಮಾತು ಒಳಗೆ ಹೋಯಿತು, ಯಾರದ್ದು ಹೊರಗುಳಿಯಿತು ಎಂಬುದು ಬೇರೆ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗ್ರೀಕ್. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹೋಗಿ ಸೇರಿನಲ್ಲಿ ಕಡಲೆಕಾಯಿ ಅಳೆಸಿಕೊಂಡು ಬರುತ್ತೀರಿ. ಅದರ ಹೆಸರು ಅರಾಕಿಸ್ ಹೈಪೊಜಿಯ. ಅರಾಕಿಸ್ ಗ್ರೀಕರ ಯಾವುದೋ ಬೇಳೆಗಿಡದ ಹಳೆಯ ಹೆಸರಿನಿಂದ ಬಂದದ್ದು. ‘ಹೈಪೊ’ ಎಂದರೆ ಕೆಳಗೆ, ‘ಗೆ’ ಎಂದರೆ ಭೂಮಿ. ಹೂವು ಬಾಡಿದ ಮೇಲೆ ತೊಟ್ಟು ಸೂಜಿಯ ಹಾಗೆ ಬಾಗಿ ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುವುದನ್ನು ಕಂಡು ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟ ಹೆಸರು. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡವನ್ನು ನಮ್ಮ ರೈತ ಕಂಡು ಇಟ್ಟ ಹೆಸರು ನೆಲಗಡಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಗಿಡವನ್ನು ನೋಡಿದರು. ಮಿಮೋಸ ಪುಡಿಕದ್ದೂ ಇದೇ ಕಥೆ. ಪುಡಿಕ ಎಂದರೆ ನಾಚಿಕೆಯವಳು. ನಮ್ಮಲ್ಲಿ ನಾಚಿಕೆಮುಳ್ಳು.

ಎಲ್ಲ ಕಡೆಯೂ ಹೀಗೆ ಮನಸ್ಸು ಕೂಡುವುದಿಲ್ಲ. ಗಣಪತಿಗೆ ಇಪ್ಪತ್ತೊಂದು ಎಳೆ ಏರಿಸುವ ಗರಿಕೆ ಸೈನೊಡಾನ್ ಡ್ಯಾಕ್ಟಿಲಾನ್. ‘ಕ್ಯೂಅನ್’ ನಾಯಿ, ‘ಒಡೋಸ್’ ಹಲ್ಲು, ‘ಡಾಕ್ಟುಲೋಸ್’ ಬೆರಳು. ಬೆರಳಿನಂಥ ತೆನೆಯ ನಾಯಿಹಲ್ಲು. ನಂದಿಬಟ್ಟಲು ಟ್ಯಾಬರ್ನೆಮೊಂಟಾನ. ಜರ್ಮನಿಯ ಹದಿನಾರನೆಯ ಶತಮಾನದ ಒಬ್ಬ ವೈದ್ಯ, ತನ್ನ ಊರಾದ ಬೆರ್ಗ್‌ಜ಼ಾಬರ್ನ್ ಅನ್ನು ಲ್ಯಾಟಿನ್‌ಗೆ ತಿರುಗಿಸಿ ಟ್ಯಾಬರ್ನೆಮೊಂಟಾನಸ್ ಎಂದು ಹೆಸರಿಟ್ಟುಕೊಂಡ. ಬಿಡಿಸಿ ಹೇಳಿದರೆ ‘ಬೆಟ್ಟದ ಹೆಂಡದಂಗಡಿ’. ಅವನ ನೆನಪಿಗೆ ಇಟ್ಟ ಹೆಸರು ನಮ್ಮ ಶಿವಪೂಜೆಯ ಹೂವಿಗೆ ಬಂದು ಕೂತಿದೆ. ಶಿವನಿಗೆ ಇದರಿಂದ ಬೇಜಾರಾಗುವ ಹಾಗಿಲ್ಲ, ಬಿಡಿ. ಬಿಲ್ವದ ಹೆಸರು ಇನ್ನೂ ಸ್ವಾರಸ್ಯ. ‘ಈಗಲ್’ ಎಂಬುದು ಗ್ರೀಕರ ಪುರಾಣದಲ್ಲಿ ಚಿನ್ನದ ಹಣ್ಣಿನ ತೋಟ ಕಾಯುವ ಅಕ್ಕತಂಗಿಯರಲ್ಲಿ ಒಬ್ಬಳ ಹೆಸರು. ‘ಮಾರ್ಮೆಲೋಸ್’ ಪೋರ್ಚುಗೀಸರು ತಮ್ಮೂರಿನ ಕ್ವಿನ್ಸ್ ಹಣ್ಣಿಗೆ ಹೇಳುವ ಮಾತು. ಅದರ ಬೇರು ಹುಡುಕಿದರೆ ಮತ್ತೆ ಗ್ರೀಕೇ, ‘ಜೇನುಸೇಬು’.

ಪಾರಿಜಾತದ ವಿಷಯಕ್ಕೆ ಬಂದರೆ ನನಗೆ ಯೂರೋಪಿನವರ ಮೇಲೆ ಸ್ವಲ್ಪ ಕೋಪವಿದೆ. ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್. ಮೊದಲ ಭಾಗ ‘ಇರುಳ ಹೂ’, ಸರಿ. ಎರಡನೆಯದು ‘ದುಃಖದ ಮರ’. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರ ತನ್ನ ಪುಸ್ತಕದಲ್ಲೇ ಇದನ್ನು ದುಃಖದ ಮರವೆಂದು ಕರೆದಿದ್ದಾನೆ. ರಾತ್ರಿ ಅರಳಿ ಬೆಳಗಾಗುವುದರೊಳಗೆ ಉದುರುವುದನ್ನು ಕಂಡು ಅವರಿಗೆ ಅಳು ಬಂತು. ಮಲ್ಲೇಶ್ವರದ ಯಾವುದಾದರೂ ಹಳೆಯ ಮನೆಯ ಕಾಂಪೌಂಡಿನ ಹೊರಗೆ ಬೆಳಿಗ್ಗೆ ಆರಕ್ಕೆ ಬುಟ್ಟಿ ಹಿಡಿದು ಬಗ್ಗಿ ಹೂ ಆರಿಸುವವರ ಮುಖವನ್ನು ಆ ವೈದ್ಯ ನೋಡಿದ್ದರೆ ಬೇರೆ ಹೆಸರು ಇಡುತ್ತಿದ್ದನೇನೋ. ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವು ಎಂದು ನಮ್ಮವರು ಇದಕ್ಕೆ ವಿಶೇಷ ಮರ್ಯಾದೆ ಕೊಟ್ಟಿದ್ದಾರೆ.

ರಾಗಿಯ ಬಡ್ತಿಯ ಕಥೆ ಕೇಳಿ. ಲಿನೇಯಸ್ ಅದಕ್ಕೆ ಮೊದಲು ಕೊಟ್ಟ ಕುಲನಾಮ ಸೈನೊಸ್ಯೂರಸ್, ಎಂದರೆ ‘ನಾಯಿಬಾಲ’. ನಮ್ಮ ಮುದ್ದೆಗೆ ಆದ ಅವಮಾನವನ್ನು 1788ರಲ್ಲಿ ಗಾರ್ಟ್ನರ್ ಎಂಬ ಜರ್ಮನ್ ವಿದ್ವಾಂಸ ತೊಡೆದ. ಗ್ರೀಸಿನ ಎಲ್ಯೂಸಿಸ್ ಊರಿನಲ್ಲಿ ಧಾನ್ಯದೇವತೆ ಡಿಮೀಟರಳ ಗುಡಿಯಿತ್ತು. ಆ ಊರ ಹೆಸರಿನ ಎಲ್ಯೂಸಿನ್ ಕುಲಕ್ಕೆ ರಾಗಿಯನ್ನು ಸೇರಿಸಿದ. ಹೀಗೆ ರಾಗಿ ನಾಯಿಬಾಲದಿಂದ ಅನ್ನಪೂರ್ಣೆಯ ಊರಿಗೆ ವರ್ಗವಾಯಿತು. ಎಲ್ಯೂಸಿನ್ ಕೊರಕಾನ ಎಂಬುದರಲ್ಲಿ ‘ಕೊರಕಾನ’ ಸಿಂಹಳದ ‘ಕುರಕ್ಕನ್’. ರಾಗಿಯನ್ನೇ ಉಂಡು ಬೆಳೆದ ಮೈಸೂರು ಸೀಮೆಯ ‘ರಾಗಿ’ ಆ ಹೆಸರಿನಲ್ಲಿ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗೋಣ. ನಿವೃತ್ತನಾದ ಮೇಲೆ ನನ್ನ ಹವ್ಯಾಸವೇ ಅದು. ಅಂಗಡಿಯ ಕಟ್ಟೆಯ ಪಕ್ಕ ನಿಂತು ಡಬ್ಬಗಳನ್ನು ಓದುವುದು. ಮಾಲೀಕರಿಗೆ ನನ್ನ ಪರಿಚಯವಿದೆ, ‘ಏನೂ ಕೊಳ್ಳದ ಗಿರಾಕಿ’ ಎಂದು. ಒಂದು ದಿನ ಒಬ್ಬ ಹುಡುಗ ಮೊಬೈಲಿನಲ್ಲಿ ಶಾಸ್ತ್ರೀಯ ಹೆಸರುಗಳ ಪಟ್ಟಿ ಹಿಡಿದು ಬಂದ. ಮಾಲೀಕರು ನನ್ನ ಕಡೆ ನೋಡಿ, “ನಿಮ್ಮ ಭಾಷೆ ಬಂತು, ಹೇಳಿ ಸಾರ್” ಎಂದರು. ಮೊದಲ ಮೂರು ಹೆಸರು: ಟರ್ಮಿನೇಲಿಯ ಚೆಬುಲ, ಟರ್ಮಿನೇಲಿಯ ಬೆಲಿರಿಕ, ಫಿಲಾಂಥಸ್ ಎಂಬ್ಲಿಕ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಹುಡುಗನಿಗೆ ಬೇಕಾಗಿದ್ದುದು ತ್ರಿಫಲಾ.

ಆ ಮೂರು ಬಾಲಗಳು ಮಾಡಿದ ಯಾತ್ರೆ ನೋಡಿ. ಸಂಸ್ಕೃತದ ಆಮಲಕ ಅರಬ್ಬಿಗೆ ಹೋಗಿ ‘ಅಮ್ಲಜ್’ ಆಯಿತು, ಅಲ್ಲಿಂದ ಯೂರೋಪಿನ ಔಷಧಿ ವ್ಯಾಪಾರಿಗಳ ಬಾಯಲ್ಲಿ ‘ಎಂಬ್ಲಿಕ’. ವಿಭೀತಕ ‘ಬಲೀಲಜ್’ ಆಗಿ ‘ಬೆಲಿರಿಕ’. ಅಳಲೆಕಾಯಿ ಕಾಬೂಲಿನ ದಾರಿಯಲ್ಲಿ ವ್ಯಾಪಾರವಾಗಿ ‘ಕಾಬೂಲಿ’, ಅದೇ ‘ಚೆಬುಲ’. ನಮ್ಮ ಕಾಡಿನ ಕಾಯಿಗೆ ಕಾಬೂಲಿನ ಹೆಸರು ಹೇಗೆ ಎಂದು ಕೇಳಬೇಡಿ. ಮೆಕ್ಸಿಕೊ ಕಡೆಯಿಂದ ಬಂದ ತರಕಾರಿಯೊಂದನ್ನು ನಾವು ‘ಸೀಮೆಬದನೆ’ ಎಂದು ಪರದೇಶದ ಲೆಕ್ಕಕ್ಕೆ ಹಾಕಿದ್ದೇವೆ. ತಮಿಳರು ಅದನ್ನೇ ‘ಬೆಂಗಳೂರು ಕತ್ತರಿಕ್ಕಾಯ್’ ಎಂದು ನಮ್ಮ ಲೆಕ್ಕಕ್ಕೆ ಬರೆದಿದ್ದಾರೆ. ಹೆಸರು ಹುಟ್ಟಿದೂರನ್ನು ಹೇಳುವುದಿಲ್ಲ, ಕೊಂಡ ಅಂಗಡಿಯನ್ನು ಹೇಳುತ್ತದೆ. ಹುಣಿಸೆಯದ್ದು ಇದಕ್ಕಿಂತ ದೊಡ್ಡ ತಮಾಷೆ. ಅರಬ್ಬಿಯ ‘ತಮ್ರ್ ಹಿಂದಿ’, ‘ಹಿಂದೂಸ್ತಾನದ ಖರ್ಜೂರ’, ಟ್ಯಾಮರಿಂಡಸ್ ಆಯಿತು. ಅದಕ್ಕೆ ಲಿನೇಯಸ್ ಮತ್ತೆ ‘ಇಂಡಿಕ’ ಸೇರಿಸಿದ. ಎರಡು ಸಲ ಹಿಂದೂಸ್ತಾನದ್ದು ಎಂದು ಸಾರಿದ ಮರದ ತವರು ಆಫ್ರಿಕ.

ಹುಡುಗನ ಪಟ್ಟಿಯಲ್ಲಿ ಅತಿಮಧುರವಿತ್ತು: ಗ್ಲಿಸಿರೈಜ, ‘ಸಿಹಿಬೇರು’, ಗ್ರೀಕಿನ ಶುದ್ಧ ಸಮಾಸ. ಜಟಾಮಾಂಸಿ ಇತ್ತು: ನಾರ್ಡೊಸ್ಟಾಕಿಸ್. ಕೊನೆಗೆ ಕರಿಗೇರು ಇತ್ತು: ಸೆಮೆಕಾರ್ಪಸ್ ಅನಕಾರ್ಡಿಯಮ್. ‘ಸೆಮೆಯಾನ್’ ಗುರುತು, ‘ಕಾರ್ಪೋಸ್’ ಕಾಯಿ. ಗುರುತಿನ ಕಾಯಿ. ಮಾಲೀಕರು ಇದನ್ನು ಕೇಳಿ ಕಣ್ಣರಳಿಸಿದರು. “ಹೌದಲ್ಲ ಸಾರ್, ನಮ್ಮ ತಾತನ ಕಾಲದಲ್ಲಿ ಅಗಸರು ಬಟ್ಟೆಗೆ ಗುರುತು ಹಾಕೋಕೆ ಇದನ್ನೇ ಒಯ್ತಿದ್ರಂತೆ” ಎಂದು, ಡಬ್ಬದಿಂದ ಒಂದು ಕಾಯಿ ತೆಗೆದು ಕಾಗದದ ಚೂರಿನ ಮೇಲಿಟ್ಟು ಮುಂದೆ ತಳ್ಳಿದರು. ಕರ್ರಗೆ, ಚಪ್ಪಟೆ, ಹೃದಯದ ಆಕಾರ. ‘ಅನಕಾರ್ಡಿಯಮ್’ ಎಂಬುದರಲ್ಲಿ ‘ಕಾರ್ಡಿಯ’ ಇರುವುದು ಅದಕ್ಕೇ. “ಮುಟ್ಬೇಡಿ ಸಾರ್, ರಸ ತಾಗಿದ್ರೆ ಬೊಬ್ಬೆ ಏಳತ್ತೆ” ಎಂದರು. ಗ್ರೀಕ್ ಬಲ್ಲ ನಾನು ಕಾಯಿಯನ್ನು ಹಿಡಿಯಲು ಹೊರಟಿದ್ದೆ. ಹಿಡಿಯಬಾರದೆಂದು ಬಲ್ಲವರಿಗೆ ಗ್ರೀಕ್ ಗೊತ್ತಿರಲಿಲ್ಲ. ಇಂಥ ಕಾಯಿಯ ರಸ ಬಟ್ಟೆಯ ಮೇಲೆ ಬಿದ್ದರೆ ತೊಳೆದರೂ ಹೋಗದ ಕಪ್ಪು. ಆಮೇಲೆ ಬ್ರೆಜಿಲಿನಿಂದ ಗೋಡಂಬಿ ಬಂದಾಗ ಕನ್ನಡಿಗರು ಕರಿಗೇರಿನ ‘ಗೇರು’ ಎಂಬ ಹೆಸರನ್ನು ಅದಕ್ಕೆ ದಾಟಿಸಿದರು, ಯೂರೋಪಿನವರು ‘ಅನಕಾರ್ಡಿಯಮ್’ ಅನ್ನು ದಾಟಿಸಿದರು. ಹಿಪ್ಪಲಿಯ ‘ಪಿಪ್ಪಲಿ’ ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್‌ನಲ್ಲಿ ‘ಪೈಪರ್’ ಆಗಿ ಕರಿಮೆಣಸಿಗೂ ಹೋಯಿತು. ನಾವು ‘ಮೆಣಸು’ ಎಂಬುದನ್ನು ಅಮೆರಿಕದ ಖಾರದ ಕಾಯಿಗೆ ಕೊಟ್ಟು ‘ಮೆಣಸಿನಕಾಯಿ’ ಮಾಡಿಕೊಂಡೆವು. ಹೊಸ ಸೊಸೆಗೆ ಹಳೆಯ ಅತ್ತೆಯ ಹೆಸರಿಡುವ ಈ ರೂಢಿ ಎಲ್ಲ ದೇಶದಲ್ಲೂ ಇದೆ.

ಇನ್ನು ನಮ್ಮ ಪಾಲಿನ ಲೆಕ್ಕ. ಬಸಳೆ ಸೊಪ್ಪಿನ ಶಾಸ್ತ್ರೀಯ ಹೆಸರು ಬಸೆಲ್ಲ ಆಲ್ಬ. ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗೆಲ್ಲ ತರಗತಿಯಲ್ಲಿ ನಗು ಏಳುತ್ತಿತ್ತು, ಮೇಷ್ಟ್ರು ಬಸಳೆಗೆ ಇಂಗ್ಲಿಷ್ ಬಣ್ಣ ಬಳಿದರು ಎಂದು. ನಾನೇನೂ ಬಳಿದಿಲ್ಲ, ಲಿನೇಯಸ್ ಬರೆದದ್ದೇ ಹಾಗೆ. ಏಲಕ್ಕಿಯ ಎಲೆಟ್ಟೇರಿಯ ಮಲಯಾಳದ ‘ಏಲತ್ತರಿ’. ಅಡಿಕೆ ಅರೆಕ ಕಟೆಚು. ‘ಅರೆಕ’ ಪೋರ್ಚುಗೀಸರ ಬಾಯಲ್ಲಿ ತಿರುಚಿದ ‘ಅಡಕ್ಕ’, ‘ಕಟೆಚು’ ನಮ್ಮ ಕಾಚು. ಕಾಚು ಬರುವುದು ಬೇರೆ ಮರದಿಂದ, ಅದು ಅಡಿಕೆಯ ಜೊತೆ ಸೇರುವುದು ಬಾಯಲ್ಲಿ ಮಾತ್ರ. ಹೆಸರಿಟ್ಟವರು ತಾಂಬೂಲವನ್ನೇ ಗಿಡವೆಂದುಕೊಂಡರು. ಆಡುಸೋಗೆ ಜಸ್ಟೀಸಿಯ ಅಢಾಟೋಡ. ‘ಆಡು ತೊಡಾ’, ಆಡು ಮುಟ್ಟದ್ದು. ನಮ್ಮ ಅಜ್ಜಿಯರು ಕೆಮ್ಮಿಗೆ ಕಷಾಯ ಕಾಸುವಾಗ ಹೇಳುತ್ತಿದ್ದ ‘ಆಡುಮುಟ್ಟದ ಸೊಪ್ಪು’ ಅಕ್ಷರಶಃ ಅದೇ.

ಹೊಂಗೆಯ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಅದರ ಕುಲನಾಮ ಪೊಂಗಾಮಿಯ, ಮಲಬಾರಿನ ‘ಪೊಂಗಮ್’ನಿಂದ. ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಾಗ ಹಕಾರವಾಯಿತೆಂದು ಶಾಲೆಯಲ್ಲಿ ಓದಿದ್ದೇವೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪೊಂಗೆ ಹೊಂಗೆಯಾಯಿತು. ನಾವು ಬಿಟ್ಟುಕೊಟ್ಟ ಆ ಪಕಾರವನ್ನು ಲ್ಯಾಟಿನ್ ಹೆಸರು ಇನ್ನೂ ಹಿಡಿದುಕೊಂಡಿದೆ. ಹೊಂಗೆಯ ನೆರಳಿನಲ್ಲಿ ಸೈಕಲ್ ನಿಲ್ಲಿಸುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಶಾಸ್ತ್ರಜ್ಞರು ಈ ಮರವನ್ನು ಪೊಂಗಾಮಿಯದಿಂದ ಡೆರಿಸ್‌ಗೆ, ಮಿಲ್ಲೆಟಿಯಕ್ಕೆ, ಮತ್ತೆ ಪೊಂಗಾಮಿಯಕ್ಕೆ ಎಂದು ಓಡಾಡಿಸಿದ್ದಾರೆ. ಮರ ಮಾತ್ರ ನಿಂತಲ್ಲೇ ನಿಂತು ಯುಗಾದಿಗೆ ಚಿಗುರುತ್ತಿದೆ.

ಒಂದು ತಪ್ಪೊಪ್ಪಿಗೆ. ತೇಗದ ಟೆಕ್ಟೋನ ಗ್ರೀಕಿನ ‘ಟೆಕ್ಟಾನ್’, ಎಂದರೆ ಬಡಗಿ, ಎಂಬುದರಿಂದ ಬಂತು ಎಂದು ನಾನು ಬಹಳ ವರ್ಷ ಪಾಠ ಹೇಳಿದೆ. ಅಂದವಾದ ಮಾತು, ಪುಸ್ತಕಗಳಲ್ಲೂ ಇದೆ. ಆದರೆ ಮಲಯಾಳದ ‘ತೇಕ್ಕ್’, ಪೋರ್ಚುಗೀಸಿನ ‘ತೇಕ’, ನಮ್ಮ ‘ತೇಗ’ ಇಷ್ಟು ಹತ್ತಿರ ನಿಂತಿರುವಾಗ ಬಡಗಿಯನ್ನು ಅಥೆನ್ಸಿನಿಂದ ಕರೆಸುವ ಅಗತ್ಯವಿಲ್ಲ. ನಮ್ಮ ಮಾತನ್ನು ನಮ್ಮದೆಂದು ಗುರುತಿಸಲು ನನಗೇ ಅಷ್ಟು ವರ್ಷ ಬೇಕಾಯಿತು.

ಇಷ್ಟು ಹೊತ್ತು ‘ನಮ್ಮದು, ನಮ್ಮದು’ ಎಂದು ಹೇಳಿದರೂ ನೀವು ಗಮನಿಸಿರುತ್ತೀರಿ. ಬಂದವುಗಳೆಲ್ಲ ಬಹುಪಾಲು ಮಲಯಾಳದ ಬಾಗಿಲಿನಿಂದ ಬಂದವು. ಕಾರಣ ಸರಳ. ಕೊಚ್ಚಿಯಲ್ಲಿ ಡಚ್ಚರ ಗವರ್ನರ್ ಆಗಿದ್ದ ಹೆಂಡ್ರಿಕ್ ಫಾನ್ ರೀಡ್ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳನ್ನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ. ಗಿಡದ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಮನೆತನದ ವೈದ್ಯರು ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಮುಂದೆ ಲಿನೇಯಸ್ ಮಲಬಾರಿಗೆ ಬರಲಿಲ್ಲ, ಆ ಸಂಪುಟಗಳನ್ನು ಮುಂದಿಟ್ಟುಕೊಂಡ. ಗ್ರೀಕ್ ಲ್ಯಾಟಿನ್ ಬೇರಿಲ್ಲದ ಕುಲನಾಮಗಳನ್ನು ತಳ್ಳಿಹಾಕಬೇಕೆಂದು 1737ರಲ್ಲಿ ಕಟ್ಟಾಜ್ಞೆ ಬರೆದವನು ಅವನೇ. ಆದರೂ ಬಸೆಲ್ಲ, ಅಢಾಟೋಡಗಳು ಅವನ ಪುಸ್ತಕದೊಳಗೆ ನುಸುಳಿದವು. ಅಚ್ಚಾಗಿದ್ದ ಹೆಸರಿಗೆ ಅಷ್ಟು ಬಲ.

ಕನ್ನಡಕ್ಕೆ ಆ ಕಾಲದಲ್ಲಿ ಒಬ್ಬ ಫಾನ್ ರೀಡ್ ಸಿಗಲಿಲ್ಲ. ಹೈದರ್ ಅಲಿ 1760ರಲ್ಲಿ ಲಾಲ್‌ಬಾಗ್ ಹಾಕಿಸಿದ, ಟಿಪ್ಪು ದೂರದೂರದ ಗಿಡ ತರಿಸಿದ. ಗಿಡ ಬಂತು, ಗ್ರಂಥ ಆಗಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ತೋಟಗಳನ್ನು ನೋಡಿ, ಮೈಸೂರು, ಕೆನರಾ ಸುತ್ತಿ, ಕಾಡುಮರಗಳ ಕನ್ನಡ ಹೆಸರುಗಳನ್ನು ಕೇಳಿ ಬರೆದುಕೊಂಡ. ಕೊನೆಗೆ ಕುಲನಾಮಕ್ಕೆ ಏರಿದ್ದು ಆ ಹೆಸರುಗಳಲ್ಲ, ಅವನದೇ ಹೆಸರು: ಬುಕನಾನಿಯ. ನಮಗೆ ಸಿಕ್ಕಿದ್ದು ಊರಿನ ಗುರುತು. ಲ್ಯಾಟಿನ್‌ನಲ್ಲಿ ‘ಎನ್ಸಿಸ್’ ಪ್ರತ್ಯಯ ಸೇರಿದರೆ ‘ಆ ಊರಿನದು’. ಥನ್‌ಬರ್ಜಿಯ ಮೈಸೂರೆನ್ಸಿಸ್, ಹಳದಿ–ಕೆಂಪು ಹೂವಿನ ಗೊಂಚಲು ಇಳಿಬಿಡುವ ಬಳ್ಳಿ. ಸಿಜ಼ೀಜಿಯಮ್ ಕನರೆನ್ಸೆ, ಕನ್ನಡ ಜಿಲ್ಲೆಯ ನೇರಳೆಯ ಜಾತಿ, ನಪುಂಸಕವಾದ್ದರಿಂದ ‘ಎನ್ಸೆ’. ಗಿಡದ ಕನ್ನಡ ಹೆಸರುಗಳನ್ನು ಲ್ಯಾಟಿನ್ ಹೆಸರಿನ ಪಕ್ಕ ಕೂರಿಸುವ ಕೆಲಸವನ್ನು ಕಿಟ್ಟೆಲ್ 1894ರ ನಿಘಂಟಿನಲ್ಲಿ ಮಾಡಿದ. ಆಗ ಆ ಎರಡು ಭಾಷೆಗಳು ಒಂದೇ ಸಾಲಿನಲ್ಲಿ ಕೂತವು, ಒಂದೇ ಹೆಸರಿನಲ್ಲಿ ಕೂಡಲಿಲ್ಲ.

ಬಸವನಗುಡಿಯ ಡಿವಿಜಿಯವರ ಮಗ ಬಿ.ಜಿ.ಎಲ್. ಸ್ವಾಮಿಯವರನ್ನು ಇಲ್ಲಿ ನೆನೆಯಬೇಕು. ‘ಹಸುರು ಹೊನ್ನು’ ಬರೆದು ಗಿಡಗಳನ್ನು ಕನ್ನಡದಲ್ಲಿ ನಗಿಸಿದವರು. ತಾವು ಕಂಡ ಹೊಸ ಗಿಡವೊಂದಕ್ಕೆ ಅವರು ಇಟ್ಟ ಹೆಸರು ಸಾರ್ಕಾಂಡ್ರ ಇರ್ವಿಂಗ್‌ಬೈಲೆಯಿ. ‘ಸಾರ್ಕ್’ ಮಾಂಸಲ, ‘ಆಂಡ್ರ’ ಗಂಡು, ಎಂದರೆ ದಪ್ಪ ಕೇಸರವುಳ್ಳದ್ದು. ಬಾಲದಲ್ಲಿರುವುದು ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲೆ. ಕೊನೆಯ ‘ಇ’ ಷಷ್ಠೀ ವಿಭಕ್ತಿ, ‘ಬೈಲೆಯ’. ಗುರುಋಣವನ್ನು ವ್ಯಾಕರಣಬದ್ಧವಾಗಿ ತೀರಿಸುವ ದಾರಿ. 1976ರಲ್ಲಿ ಸೆಸಿಲ್ ಸಲ್ಡಾನ, ಡ್ಯಾನ್ ನಿಕಲ್ಸನ್ ಇಬ್ಬರೂ ಸೇರಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ಹೊರತಂದಾಗ, ನನ್ನ ಪೀಳಿಗೆಯ ಮೇಷ್ಟ್ರುಗಳಿಗೆ ಗಿಡ ಗುರುತಿಸಲು ಮೊದಲ ಸಲ ನಮ್ಮ ನೆಲದ ಪುಸ್ತಕ ಸಿಕ್ಕಿತು. ನನ್ನ ಪ್ರತಿಯ ರಟ್ಟು ಹರಿದು ಎರಡು ಸಲ ಇದೇ ಪೇಟೆಯಲ್ಲಿ ಬೈಂಡ್ ಮಾಡಿಸಿದ್ದೇನೆ.

ಕನ್ನಡದ ಮಾತೊಂದು ನೇರವಾಗಿ ಒಳಗೆ ಹೋದ ಉದಾಹರಣೆ ಕೊಡಿ ಎಂದರೆ ನಾನು ಹೇಳುವುದು ಒಂದನ್ನು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ‘ಕಾನು’ ಎಂದರೆ ಮಲೆನಾಡಿನವರಿಗೆ ದಟ್ಟ ಹಸುರಿನ, ನೀರು ಹಿಡಿದಿಟ್ಟ ಕಾಡು. ಹಗಲಲ್ಲೂ ಕತ್ತಲಿರುವುದರಿಂದ ಕತ್ತಲೆಕಾನು. ಅಲ್ಲಿ ಜಾಯಿಕಾಯಿಯ ಬಳಗದ ಮರಗಳು ಕೆಸರಿನಿಂದ ಮೊಣಕಾಲಿನಂಥ ಬೇರುಗಳನ್ನು ಮೇಲೆತ್ತಿ ಉಸಿರಾಡುವ ಜವುಗು ಇದೆ. ಆ ಜವುಗಿನಲ್ಲಿ ಸಿಕ್ಕಿದ, ಅದುವರೆಗೆ ಹೆಸರಿಲ್ಲದಿದ್ದ ಒಂದು ಗೇರಿನ ಜಾತಿಯ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ವರ್ಣಿಸಿದರು. ಹೊಸ ಜಾತಿಗೆ ಲ್ಯಾಟಿನ್‌ನಲ್ಲೇ ಲಕ್ಷಣ ಬರೆಯಬೇಕೆಂಬ ನಿಯಮ 1935ರಿಂದ 2011ರ ಕೊನೆಯವರೆಗೂ ಇತ್ತು. ಈಗ ಇಂಗ್ಲಿಷ್ ಆದರೂ ನಡೆಯುತ್ತದೆ. ಅವರು ಕೊಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಗಸರ ಗುರುತಿನ ಕಾಯಿಯ ಗ್ರೀಕ್, ಸಿದ್ದಾಪುರದ ಕತ್ತಲೆ ಮತ್ತು ಕಾನು, ಲ್ಯಾಟಿನ್ನಿನ ಬಾಲ. ಫಾನ್ ರೀಡನ ಪುಸ್ತಕ ಮುಗಿದು ಮುನ್ನೂರು ವರ್ಷವಾದ ಮೇಲೆ, ಅಳಿವಿನ ಅಂಚಿನಲ್ಲಿರುವ ಮರವೊಂದರ ಬೆನ್ನಿನ ಮೇಲೆ ಕನ್ನಡ ಆ ಪಟ್ಟಿಗೆ ಹತ್ತಿತು.

ಗಿಡದ ಹೆಸರನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರುಗಳು ಈ ಸಭೆಯಲ್ಲಿ ಇದ್ದರೆ ಒಂದು ಕೋರಿಕೆ. ಆ ಅರ್ಧ ಅಂಕ ಕಡಿಯುವ ಮುಂಚೆ ‘ಎನ್ಸಿಸ್’ ಎಂದರೇನು ಎಂದು ಹುಡುಗರಿಗೆ ಒಮ್ಮೆ ಹೇಳಿಬಿಡಿ.

ಅಣ್ಣನ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ನಾನು ಸುಲ್ತಾನ್‌ಪೇಟೆಗೆ ವಾಪಸ್ ಬರುವ ಹೊತ್ತಿಗೆ ಕೈಪಿಡಿ ಅಚ್ಚಾಗಿ ಕಟ್ಟು ಕಟ್ಟಿಯಾಗಿತ್ತು. ಅವರು ‘ಎ’ಗಳನ್ನು ಪಕ್ಕದ ಅಚ್ಚುಕೂಟದಿಂದ ಕಡ ತಂದಿದ್ದರು. ಕಡ ತಂದ ಮೊಳೆಯ ಮುಖ ಒಂದು ಕೂದಲೆಳೆ ದಪ್ಪ. ಈಗಲೂ ಆ ಪುಟ ತೆರೆದರೆ ಯಾವ ‘ಎ’ ನಮ್ಮದು, ಯಾವುದು ಕಡದ್ದು ಎಂದು ಹೇಳಬಲ್ಲೆ. ಲಿಂಗದ ವಿಷಯ ಹೇಳಿದೆ. ಅವರು ಕೇಳಿಕೊಂಡು, “ಸರಿ, ಹಂಗಾದ್ರೆ ನಾನು ಬದಲಾಯಿಸ್ದೇ ಇದ್ದದ್ದು ಒಳ್ಳೇದಾಯ್ತು” ಎಂದು ಕೇಸು ಒರೆಸತೊಡಗಿದರು. ಕತ್ತಲೆಕಾನೆನ್ಸಿಸ್ ಅವರ ಕೈಗೆ ಬರಲಿಲ್ಲ. ಬಂದಿದ್ದರೆ ಆ ಒಂದು ಮಾತಿಗೆ ಓರೆ ಮೊಳೆಯಲ್ಲಿ ಮೂರು ‘ಎ’ ಬೇಕಾಗುತ್ತಿತ್ತು, ಮಾವಿನ ಮರದಷ್ಟೇ.